ಹೈಸ್ಕೂಲು ಮಕ್ಕಳ ದೂರದ ಓಟ: ಅಂದು ಮತ್ತು ಇಂದು

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿಯವರು ಕಾಂದಾ ಎಂದು ಕರೆಯುವ ನಮ್ಮ ಉಳ್ಳಾಗಡ್ಡಿಯ ಹರಾಜು ಇಲ್ಲದ ದಿನವೇ ಲಾಸಲಗಾಂವಿನಲ್ಲಿ ನಮಗೆ ಬಿಡುವಿನ ದಿನ. ಆ ದಿನ ವಾಚನಾಲಯದ ಬಾಗಿಲು ತೆರೆಯುವ ಮೊದಲೇ ನಾಲ್ಕಾರು ಜನ ಹಿರಿಯರು ಕಟ್ಟೆಯ ಮೇಲೆ ಬಂದು ಕೂತಿರುತ್ತಾರೆ. ಊರಿಂದ ಬಂದ ಕನ್ನಡ ಪತ್ರಿಕೆ ಎರಡು ದಿನ ಹಳೆಯದಾದರೂ ಅವರಿಗೆ ಅದು ಬಿಸಿ ಬಿಸಿಯೇ. ಪತ್ರಿಕೆಯ ಆಟದ ಪುಟ ತೆರೆದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ: "ನಮ್ಮ ಕಾಲದಾಗ ಹೈಸ್ಕೂಲ್ ಹುಡುಗ್ರು ಬರಿಗಾಲಿಲೆ ನಾಕೂವರಿ ಮಿನಿಟಿಗೆ ಮೈಲು ಹೊಡೀತಿದ್ರು. ಈಗಿನವಕ್ಕ ಬೂಟ ಬೇಕು, ಬಾಟ್ಲಿ ನೀರ ಬೇಕು, ಆದ್ರೂ ಉಸಿರಿಲ್ಲ." ಎದುರಿಗೆ ಕೂತ ತರುಣರು ಮೊಬೈಲು ತೆಗೆದು, ಈಗ ಎಲ್ಲ ದಾಖಲೆಗಳೂ ಮುರಿದುಬಿದ್ದಿವೆ ಎಂದು ತೋರಿಸುತ್ತಾರೆ. ಈ ವಾದ ಚಹ ಆರುವವರೆಗೆ ನಡೆದು ಅಲ್ಲಿಗೇ ನಿಲ್ಲುತ್ತದೆ.

ಇಬ್ಬರ ಮಾತಿನಲ್ಲಿ ಯಾರದು ನಿಜ ಎಂಬುದನ್ನು ಕುರಿತು ಮಾತಾಡಬೇಕೆಂದು ಸಂಘದವರು ನಮಗೆ ಹೇಳಿದರು. ನಾವು ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಸಂಘದ ಓಟದ ವಹಿಯಲ್ಲಿ ಒಂದು ದೊಡ್ಡ ತಪ್ಪು ನಡೆದಿದೆ. ಅದನ್ನು ಮಾಡಿದವರು ನಾವೇ. ಅದರಿಂದ ಒಂದು ಹುಡುಗಿಗೆ ಅನ್ಯಾಯವಾಯಿತು. ಅದನ್ನು ಎಲ್ಲರೆದುರಿಗೆ ಹೇಳಿಬಿಡಬೇಕು. ಆದರೆ ಮೊದಲು ವಿಷಯವನ್ನು ಹೇಳದಿದ್ದರೆ ತಪ್ಪಿನ ತೂಕ ತಿಳಿಯದು.

ಹಿರಿಯರ ಮಾತಿನಿಂದಲೇ ಆರಂಭಿಸೋಣ. ಬೆಳಗಾವಿಯ ಕಡೆಯವರು ಇಲ್ಲಿ ಹಲವರಿದ್ದೀರಿ. ನಿಮ್ಮೂರಿನ ಫಡೆಪ್ಪ ದಾರೆಪ್ಪ ಚೌಗುಲೆಯವರ ಹೆಸರು ಎಷ್ಟು ಜನರಿಗೆ ಗೊತ್ತು? 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ಒಲಿಂಪಿಕ್ ಕೂಟ ನಡೆದಾಗ ಭಾರತದಿಂದ ಹೋದ ಸಣ್ಣ ತಂಡದಲ್ಲಿ ಅವರೊಬ್ಬರು. ಆ ತಂಡ ಹುಟ್ಟಿದ ಬಗೆಯೇ ಸ್ವಾರಸ್ಯದ್ದು. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಬರಿಗಾಲಿನ ರೈತರು ದೂರದ ಓಟ ಓಡುವುದನ್ನು ಸರ್ ದೊರಾಬ್ಜಿ ಟಾಟಾ ಅವರು ಕಂಡರು. ಇವರಿಗೆ ಯುರೋಪಿನ ಓಟಗಾರರ ಪದ್ಧತಿ ಗೊತ್ತಿಲ್ಲ, ತರಬೇತಿಯಿಲ್ಲ, ಆದರೂ ಇವರ ವೇಳೆ ತೆಗೆದುಹಾಕುವಂಥದಲ್ಲ ಎಂದು ಅವರಿಗೆ ತೋರಿತು. ತಮ್ಮ ಹಣವನ್ನೂ ಹಾಕಿ ತಂಡವನ್ನು ಕಳುಹಿಸಿದರು. ಸಮುದ್ರದ ಮೇಲೆ ದಿನಗಟ್ಟಲೆ ಪ್ರಯಾಣ ಮಾಡಿ ಹೋದ ಚೌಗುಲೆಯವರು ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೋಲೆಹ್‌ಮೈನೆನ್. ಅವರ ವೇಳೆ 2 ಗಂಟೆ 32 ನಿಮಿಷ 35 ಸೆಕೆಂಡು.

ಈಗ ಈ ಅಂಕಿಯನ್ನು ಹಿಡಿದುಕೊಂಡು ಮುಂದೆ ಬನ್ನಿ. 2015ರಲ್ಲಿ ಬೀಜಿಂಗಿನಲ್ಲಿ ಭಾರತದ ಓ. ಪಿ. ಜೈಶಾ ಎಂಬ ಹೆಣ್ಣುಮಗಳು ಮ್ಯಾರಥಾನನ್ನು 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಓಡಿದರು. ಎಂದರೆ ಚೌಗುಲೆಯವರಿಗಿಂತ ಹದಿನಾರು ನಿಮಿಷ ಮುಂದೆ! ಇದನ್ನು ಕೇಳಿ ತರುಣರು ಚಪ್ಪಾಳೆ ತಟ್ಟಬಹುದು. ತುಸು ತಡೆಯಿರಿ. ಆಂಟ್‌ವರ್ಪಿನ ದಾರಿ ಈಗಿನ ಮ್ಯಾರಥಾನಿನ ಅಳತೆಯದಾಗಿರಲಿಲ್ಲ. ಈಗಿನದು 42 ಕಿಲೋಮೀಟರು 195 ಮೀಟರು. ಅಂದಿನದು 42 ಕಿಲೋಮೀಟರು 750 ಮೀಟರು. ಅರ್ಧ ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರಕ್ಕೆ ಚೌಗುಲೆಯವರಿಗೆ ಎರಡು ನಿಮಿಷಕ್ಕೂ ಮಿಕ್ಕಿ ಬೇಕಾಗಿತ್ತು. ಓಟದ ವೇಳೆಯನ್ನು ಕೇಳುವ ಮುನ್ನ ನೆಲದ ಅಳತೆಯನ್ನು ಕೇಳಬೇಕು. ಈ ಮಾತನ್ನು ನೆನಪಿಡಿ. ನಮ್ಮ ತಪ್ಪೂ ಇಲ್ಲಿಯೇ ಕೂತಿದೆ.

ನಮ್ಮ ಹಿರಿಯರ ನಾಲ್ಕೂವರೆ ನಿಮಿಷದ ಮೈಲಿಗೂ ಇದೇ ಮಾತು. ಮೈಲೆಂದರೆ 1,609 ಮೀಟರು. ಈಗ ಶಾಲೆಗಳಲ್ಲಿ ಓಡಿಸುವುದು 1,500 ಮೀಟರು. ನಡುವಿನ 109 ಮೀಟರಿಗೆ ಒಳ್ಳೆಯ ಓಟದ ಹುಡುಗನಿಗೂ ಹದಿನೆಂಟು ಸೆಕೆಂಡು ಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಹಿರಿಯರಿಗೆ ಅನ್ಯಾಯ. ಆದರೆ ಅಂದು ಮೈಲನ್ನು ಅಳೆದವರಾರು? ಹೊಲದ ಬದುವಿನಿಂದ ಹನುಮಪ್ಪನ ಗುಡಿಯವರೆಗೆ ಮಾಸ್ತರರು ಹೆಜ್ಜೆ ಹಾಕಿ ಅಳೆದದ್ದೂ ಮೈಲೇ, ಮುಲ್ಕಿ ಕಲ್ಲಿನಿಂದ ಮುಲ್ಕಿ ಕಲ್ಲಿಗೆ ಓಡಿದ್ದೂ ಮೈಲೇ. ವೇಳೆ ನೋಡಿದ್ದು ಕೈಗಡಿಯಾರದ ಸಣ್ಣ ಮುಳ್ಳಿನಲ್ಲಿ. ಹೀಗಿರಲು ಆ ನಾಲ್ಕೂವರೆ ನಿಮಿಷಕ್ಕೆ ನಾವು ಸಾಕ್ಷಿ ಹೇಳಲಾರೆವು, ಸುಳ್ಳೆಂದೂ ಹೇಳಲಾರೆವು.

ಇದರಿಂದ ಹಿರಿಯರ ಮಾತು ಹುರುಳಿಲ್ಲದ್ದು ಎಂದಾಯಿತೇ? ಇಲ್ಲ. ಓಟದ ಮಟ್ಟ ವರ್ಷದಿಂದ ವರ್ಷಕ್ಕೆ ತಾನಾಗಿ ಏರುತ್ತ ಹೋಗುತ್ತದೆಂಬ ತರುಣರ ನಂಬಿಕೆಯೂ ಅಷ್ಟೇ ಪೊಳ್ಳು. ಅಮೇರಿಕಾದ ಹೈಸ್ಕೂಲುಗಳ ಕಥೆ ಕೇಳಿ. ಅಲ್ಲಿ ಇಂಥ ಅಂಕಿಗಳನ್ನು ಜೋಪಾನವಾಗಿ ಇಡುವ ಚಟ ಉಂಟು, ಆದ್ದರಿಂದ ನೋಡಲು ಸುಲಭ. ನಾಲ್ಕು ನಿಮಿಷದೊಳಗೆ ಮೈಲು ಓಡುವುದು ಮನುಷ್ಯನಿಂದ ಆದೀತೇ ಎಂದು ಜಗತ್ತೇ ಕೇಳುತ್ತಿದ್ದಾಗ 1954ರಲ್ಲಿ ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ ಅದನ್ನು ಮಾಡಿ ತೋರಿಸಿದರು. ಹತ್ತೇ ವರ್ಷಕ್ಕೆ, 1964ರಲ್ಲಿ, ಕಾನ್ಸಸ್ ಪ್ರಾಂತದ ಜಿಮ್ ರಯನ್ ಎಂಬ ಹೈಸ್ಕೂಲು ಹುಡುಗ ಅದನ್ನೇ ಮಾಡಿದ. ಮರುವರ್ಷ 3 ನಿಮಿಷ 55.3 ಸೆಕೆಂಡಿಗೆ ಇಳಿಸಿದ. 1966ರಲ್ಲಿ ಇನ್ನೊಬ್ಬ, 1967ರಲ್ಲಿ ಮತ್ತೊಬ್ಬ ಹುಡುಗ ನಾಲ್ಕು ನಿಮಿಷದ ಗೆರೆಯನ್ನು ದಾಟಿದರು. ಇನ್ನು ವರ್ಷಕ್ಕೊಬ್ಬರು ಬರುವರೆಂದು ಯಾರಾದರೂ ಎಣಿಸುವ ಮಾತೇ. ಆದರೆ ಮುಂದಿನ ಮೂವತ್ತಮೂರು ವರ್ಷ ಒಬ್ಬ ಹುಡುಗನೂ ಬರಲಿಲ್ಲ! 2001ರಲ್ಲಿ ಅಲನ್ ವೆಬ್ ಎಂಬವನು 3 ನಿಮಿಷ 53.43 ಸೆಕೆಂಡಿನಲ್ಲಿ ಓಡಿ ರಯನ್ನನ ದಾಖಲೆಯನ್ನು ಮುರಿದ. ಅಷ್ಟರಲ್ಲಿ ಅದಕ್ಕೆ ಮೂವತ್ತಾರು ವರ್ಷ ತುಂಬುತ್ತ ಬಂದಿತ್ತು. ನಡುವಿನ ಕಾಲದಲ್ಲಿ ನೆಲ ಸುಧಾರಿಸಿತ್ತು, ಊಟ ಸುಧಾರಿಸಿತ್ತು, ವೈದ್ಯ ಸುಧಾರಿಸಿತ್ತು. ಓಟ ಮಾತ್ರ ಹಿಂದೆ ಬಿದ್ದಿತ್ತು. ಅಲ್ಲಿಯೂ ಹಿರಿಯರು ಕಟ್ಟೆಯ ಮೇಲೆ ಕೂತು "ನಮ್ಮ ಕಾಲದಲ್ಲಿ" ಎಂದಿರಬೇಕು, ಮತ್ತು ಆಗ ಅವರ ಮಾತು ನಿಜವೇ ಆಗಿತ್ತು. ಈಚೆಗೆ ಮತ್ತೆ ಏರಿದೆ. 2022ರ ಒಂದೇ ವರ್ಷದಲ್ಲಿ ನಾಲ್ವರು ಹೈಸ್ಕೂಲು ಹುಡುಗರು ಆ ಗೆರೆಯನ್ನು ದಾಟಿದರು.

ನಮ್ಮ ದೇಶದಲ್ಲಿ ಹೈಸ್ಕೂಲಿನ ಅಂಕಿಗಳು ಹಾಗೆ ಸಿಕ್ಕುವುದಿಲ್ಲ, ದೊಡ್ಡವರವು ಸಿಕ್ಕುತ್ತವೆ. ಅಲ್ಲಿಯೂ ಇದೇ ಕಥೆ. 1976ರ ಮಾಂಟ್ರಿಯಲ್ ಒಲಿಂಪಿಕ್ಕಿನಲ್ಲಿ ಶ್ರೀರಾಮ್ ಸಿಂಗ್ 800 ಮೀಟರನ್ನು 1 ನಿಮಿಷ 45.77 ಸೆಕೆಂಡಿನಲ್ಲಿ ಓಡಿದರು. ಆ ರಾಷ್ಟ್ರೀಯ ದಾಖಲೆ 2018ರವರೆಗೆ, ನಾಲ್ವತ್ತೆರಡು ವರ್ಷ, ಹಾಗೆಯೇ ಕೂತಿತ್ತು. ಅದೇ ಕೂಟದಲ್ಲಿ ಹರಿಚಂದ್ 10,000 ಮೀಟರಿನಲ್ಲಿ ಮಾಡಿದ ವೇಳೆ 2008ರವರೆಗೆ ಬಾಳಿತು. ಶಿವನಾಥ ಸಿಂಗ್ 1978ರಲ್ಲಿ ಜಾಲಂಧರಿನಲ್ಲಿ ಮ್ಯಾರಥಾನನ್ನು 2 ಗಂಟೆ 12 ನಿಮಿಷಕ್ಕೆ ಓಡಿದ್ದು ನಾಲ್ವತ್ತು ವರ್ಷ ದಾಟಿದರೂ ಅಳಿಯಲಿಲ್ಲ. ಬಹಾದುರ್ ಪ್ರಸಾದರ 5,000 ಮೀಟರಿನ ದಾಖಲೆ 1992ರದು. ಅದನ್ನು 2022ರಲ್ಲಿ ಮುರಿದವರು ಬೀಡ ಜಿಲ್ಲೆಯ ಅವಿನಾಶ ಸಾಬಳೆ. ಅಲ್ಲಿಂದೀಚೆಗೆ ನೀರು ಕಟ್ಟೆ ಒಡೆದಂತಾಗಿದೆ. 2025ರಲ್ಲಿ ಗುಲ್ವೀರ್ ಸಿಂಗ್ 5,000 ಮೀಟರನ್ನು 13 ನಿಮಿಷದೊಳಗೆ ಓಡಿದ ಮೊದಲ ಭಾರತೀಯರಾದರು. 10,000 ಮೀಟರಿನಲ್ಲಿ 27 ನಿಮಿಷ 0.22 ಸೆಕೆಂಡಿಗೆ ಬಂದರು. ಹರಿಚಂದರ ವೇಳೆಗಿಂತ ಇದು ಒಂದು ನಿಮಿಷ ನಲ್ವತ್ತೆಂಟು ಸೆಕೆಂಡು ಕಡಿಮೆ.

ಏರುವುದೇಕೆ, ನಿಲ್ಲುವುದೇಕೆ? ಬೂಟಿನ ಮಾತು ಮೊದಲು ಮುಗಿಸಿಬಿಡೋಣ. 2017ರಿಂದೀಚೆಗೆ ಅಟ್ಟೆಯೊಳಗೆ ಕಾರ್ಬನ್ ಹಾಳೆ ಇಟ್ಟು, ಮೇಲೆ ಕೆಳಗೆ ಪುಟಿಯುವ ನೊರೆ ತುಂಬಿದ ಬೂಟುಗಳು ಬಂದಿವೆ. ಅವುಗಳಿಂದ ವೇಳೆ ಇಳಿದಿರುವುದು ನಿರ್ವಿವಾದ. ಇದು ಮಿತಿಮೀರಬಾರದೆಂದು ಜಾಗತಿಕ ಸಂಸ್ಥೆಯವರು 2020ರಲ್ಲಿ ರಸ್ತೆ ಓಟದ ಅಟ್ಟೆಗೆ 40 ಮಿಲಿಮೀಟರಿನ ಕಟ್ಟು ಹಾಕಿದರು. ಅಂಥ ಬೂಟಿನ ಬೆಲೆ ನಮ್ಮ ಹಮಾಲರೊಬ್ಬರ ಹಲವು ದಿನಗಳ ಕೂಲಿ. ನಮ್ಮ ಮಕ್ಕಳ ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡಬಹುದು.

ಹೆಚ್ಚಿನ ಸಂಗತಿ ಬೇರೆಯಿದೆ. ಆಫ್ರಿಕಾದ ಕೀನ್ಯಾ ದೇಶದಲ್ಲಿ ಇಟೆನ್ ಎಂಬ ಎತ್ತರದ ಊರು. ಅಲ್ಲಿಯ ಸೇಂಟ್ ಪ್ಯಾಟ್ರಿಕ್ ಹೈಸ್ಕೂಲಿಗೆ 1976ರಲ್ಲಿ ಐರ್ಲೆಂಡಿನಿಂದ ಕಾಮ್ ಓ'ಕಾನೆಲ್ ಎಂಬ ಬ್ರದರ್ ಭೂಗೋಲ ಕಲಿಸಲು ಬಂದರು. ಓಟದ ತರಬೇತಿಯ ಗಂಧ ಅವರಿಗಿರಲಿಲ್ಲ. ಸ್ವಲ್ಪ ಕಾಲಕ್ಕೆಂದು ಬಂದವರು ಹಿಂತಿರುಗಲಿಲ್ಲ. ದಶಕಗಟ್ಟಲೆ ಅಲ್ಲಿಯೇ ಉಳಿದು ಮಕ್ಕಳ ಓಟ ನೋಡುತ್ತ ಹೋದರು. ಆ ಶಾಲೆಯಲ್ಲಿ ಓದಿದ ಪೀಟರ್ ರೋನೋ 1988ರ ಒಲಿಂಪಿಕ್ಕಿನಲ್ಲಿ 1,500 ಮೀಟರಿನ ಚಿನ್ನ ಗೆದ್ದರು. ಅವರೇ ತಿದ್ದಿದ ಡೇವಿಡ್ ರುಡಿಶಾ 2012ರಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿಗೆ ಓಡಿ ಜಗತ್ತನ್ನು ಬೆರಗುಗೊಳಿಸಿದರು. ಕೀನ್ಯಾದ ಗಾಳಿ, ಎತ್ತರ, ಕಾಲು, ಎಲ್ಲ ಕಾರಣವಿರಬಹುದು. ಆದರೆ ಗಾಳಿ, ಎತ್ತರ, ಕಾಲು 1976ಕ್ಕಿಂತ ಮೊದಲೂ ಇದ್ದವು. ಆ ಶಾಲೆಗೆ ಹೊಸದಾಗಿ ಬಂದದ್ದು ದಿನವೂ ಮೈದಾನದ ಅಂಚಿನಲ್ಲಿ ನಿಲ್ಲುವ ಒಬ್ಬ ಮನುಷ್ಯ.

ಇಟೆನ್ನಿನವರೆಗೆ ಹೋಗುವುದೇಕೆ? ಇಲ್ಲಿಂದ ಒಂದೆರಡು ತಾಸಿನ ದಾರಿಯ ನಾಸಿಕವನ್ನೇ ನೋಡಿ. ಭೋಂಸಲಾ ಮಿಲಿಟರಿ ಶಾಲೆಯ ಮೈದಾನದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರಾದ ವಿಜೇಂದರ್ ಸಿಂಗ್ ಅವರು ವರ್ಷಾನುವರ್ಷ ಹಳ್ಳಿಯ ಮಕ್ಕಳನ್ನು ಓಡಿಸುತ್ತ ಬಂದರು. ಸಾವರಪಾಡಾ ಎಂಬ ಆದಿವಾಸಿ ಹಳ್ಳಿಯ ಕವಿತಾ ರಾವುತ ಅಲ್ಲಿ ಬೆಳೆದವರು. 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ 10,000 ಮೀಟರಿನಲ್ಲಿ 33 ನಿಮಿಷ 5 ಸೆಕೆಂಡಿಗೆ ಬಂದು ಕಂಚು ಗೆದ್ದರು. ಒಂದೂವರೆ ತಿಂಗಳ ನಂತರ ಚೀನದ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 31 ನಿಮಿಷ 51.44 ಸೆಕೆಂಡಿಗೆ ಬಂದು ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಕೇರಳದ ಪ್ರೀಜಾ ಶ್ರೀಧರನ್ ಅವರಿಗೂ ಇವರಿಗೂ ನಡುವೆ ಪೂರಾ ಒಂದು ಸೆಕೆಂಡಿನ ಅಂತರವೂ ಇರಲಿಲ್ಲ. ಒಂದೂವರೆ ತಿಂಗಳಲ್ಲಿ ಎಪ್ಪತ್ತನಾಲ್ಕು ಸೆಕೆಂಡು! ಕವಿತಾ ಅವರ ಕಾಲು ಅಷ್ಟರಲ್ಲಿ ಬದಲಾಯಿತೇ? ಪಕ್ಕದಲ್ಲಿ ಒಬ್ಬಳು ಬಿಡದೆ ಓಡುತ್ತಿದ್ದಳು, ಆದ್ದರಿಂದ ಇವರೂ ಬಿಡಲಿಲ್ಲ ಎಂದು ನಮ್ಮ ಊಹೆ.

ನಮ್ಮ ನಿಫಾಡ ತಾಲ್ಲೂಕಿಗೆ ಹೊಂದಿದ ಚಾಂದವಡ ತಾಲ್ಲೂಕಿನ ಸಂಜೀವನಿ ಜಾಧವ ಇದೇ ಸಾಲಿನವರು. 2017ರಲ್ಲಿ ಭುವನೇಶ್ವರದ ಏಷ್ಯನ್ ಕೂಟದಲ್ಲಿ 5,000 ಮೀಟರಿನ ಕಂಚು, ಅದೇ ವರ್ಷ ತೈಪೆಯ ಜಾಗತಿಕ ವಿಶ್ವವಿದ್ಯಾಲಯಗಳ ಕೂಟದಲ್ಲಿ 10,000 ಮೀಟರಿನ ಬೆಳ್ಳಿ. 2018ರಲ್ಲಿ ನಿಷೇಧಿತ ಔಷಧದ ಪರೀಕ್ಷೆಯಲ್ಲಿ ಸಿಕ್ಕಿ ಎರಡು ವರ್ಷ ಹೊರಗೆ ನಿಲ್ಲಬೇಕಾಯಿತು. ಇದನ್ನು ಮುಚ್ಚಿಟ್ಟು ಬರಿಯ ಪದಕಗಳನ್ನು ಹೇಳುವುದು ಸರಿಯಲ್ಲ. ಮತ್ತೆ ಬಂದು 2024ರಲ್ಲಿ ಅಮೇರಿಕಾದ ಪೋರ್ಟ್‌ಲೆಂಡಿನಲ್ಲಿ 10,000 ಮೀಟರನ್ನು 32 ನಿಮಿಷ 22.77 ಸೆಕೆಂಡಿಗೆ ಓಡಿ ಗೆದ್ದರು. ಚಾಂದವಡದ ಬಸ್ಸಿನಲ್ಲಿ ಹೋಗುವಾಗ ಹೊರಗೆ ಕಾಣುವ ಅದೇ ಉಳ್ಳಾಗಡ್ಡಿಯ ಹೊಲ, ಅದೇ ಧೂಳಿನ ದಾರಿ ಆಕೆಯದೂ ಆಗಿತ್ತು.

ಇನ್ನು ಅವಿನಾಶ ಸಾಬಳೆ. ಬೀಡ ಜಿಲ್ಲೆಯಿಂದ ಕಬ್ಬು ಕಡಿಯುವವರು ಗಾಡಿ ಕಟ್ಟಿಕೊಂಡು ನಮ್ಮ ಬೆಳಗಾವಿ ಬಾಗಲಕೋಟೆಯ ಕಡೆಗೆ ಹೋಗುತ್ತಾರೆ. ನಾವು ಆ ಕಡೆಯಿಂದ ಹೊಟ್ಟೆಪಾಡಿಗೆ ಈ ಕಡೆ ಬಂದಿದ್ದೇವೆ. ಸಾಬಳೆಯವರ ತಂದೆತಾಯಿ ಇಟ್ಟಂಗಿ ಭಟ್ಟಿಯಲ್ಲಿ ದುಡಿದವರು. ಬಸ್ಸಿಲ್ಲದ್ದರಿಂದ ಹುಡುಗ ಆರು ಕಿಲೋಮೀಟರು ದೂರದ ಶಾಲೆಗೆ ನಡೆದೋ ಓಡಿಯೋ ಹೋಗುತ್ತಿದ್ದ. ಪದಕ ಬಂದದ್ದೆಲ್ಲ ಸೈನ್ಯಕ್ಕೆ ಸೇರಿದ ಮೇಲೆ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 3,000 ಮೀಟರು ಸ್ಟೀಪಲ್‌ಚೇಸಿನಲ್ಲಿ 8 ನಿಮಿಷ 11.20 ಸೆಕೆಂಡಿಗೆ ಬಂದು, ಕೀನ್ಯಾದವನಿಗೆ ಐದು ನೂರನೆಯ ಭಾಗ ಸೆಕೆಂಡಿನಿಂದ ಸೋತು ಬೆಳ್ಳಿ ಗೆದ್ದರು. ಹೈಸ್ಕೂಲಿನ ವಹಿಯಲ್ಲಿ ಹೆಸರಿಲ್ಲದವರೂ ಮುಂದೆ ಹೀಗೆ ಬರಬಹುದು. ವಹಿ ಬರೆಯುವವರು ಇದನ್ನು ಮರೆಯಬಾರದು.

ಹುಡುಗಿಯರ ಮಾತು ಬಂದಾಗ "ಅಂದಿನ ಮಟ್ಟ" ಎಂಬ ಮಾತಿಗೇ ಅರ್ಥವಿಲ್ಲ. ಅಂದು ಅವರನ್ನು ಓಡಿಸುತ್ತಲೇ ಇರಲಿಲ್ಲ. 1928ರ ಒಲಿಂಪಿಕ್ಕಿನಲ್ಲಿ ಹೆಂಗಸರಿಗೆ 800 ಮೀಟರು ಇಟ್ಟರು. ಓಡಿದವರು ದಣಿದು ಬಿದ್ದರೆಂದು ಗದ್ದಲವೆದ್ದು ಅದನ್ನು ತೆಗೆದೇಬಿಟ್ಟರು. 1960ರವರೆಗೆ ಮತ್ತೆ ಇಡಲಿಲ್ಲ. ಗಂಡಸರು ದಣಿದು ಬಿದ್ದರೆ ಶೌರ್ಯವೆಂದೂ ಹೆಂಗಸರು ಬಿದ್ದರೆ ಅಪಾಯವೆಂದೂ ಎಣಿಸಿದರೆಂದು ಕಾಣುತ್ತದೆ. 1,500 ಮೀಟರು 1972ರಲ್ಲಿ, 3,000 ಮೀಟರು ಮತ್ತು ಮ್ಯಾರಥಾನ್ 1984ರಲ್ಲಿ, 10,000 ಮೀಟರು 1988ರಲ್ಲಿ ಬಂದವು. ಸ್ಟೀಪಲ್‌ಚೇಸ್ ಬರಲು 2008 ಆಯಿತು. ಎಂಟು ವರ್ಷಕ್ಕೇ, 2016ರಲ್ಲಿ, ಸಾತಾರಾ ಜಿಲ್ಲೆಯ ಲಲಿತಾ ಬಾಬರ ರಿಯೋ ಒಲಿಂಪಿಕ್ಕಿನ ಅದೇ ಓಟದ ಅಂತಿಮ ಸುತ್ತಿಗೆ ಹೋದರು. ಬಾಗಿಲು ತೆರೆದರೆ ಮಟ್ಟ ಏರಲು ಎಷ್ಟು ಕಾಲ ಬೇಕೆಂಬುದಕ್ಕೆ ಬೇರೆ ಲೆಕ್ಕ ಬೇಡ. ಇಲ್ಲಿರುವ ತಾಯಂದಿರಲ್ಲಿ ಹೈಸ್ಕೂಲಿನಲ್ಲಿ 1,500 ಮೀಟರು ಓಡಿದವರು ಎಷ್ಟು ಜನ ಕೈ ಎತ್ತುತ್ತೀರಿ? ಲಿಂಬೆ ಚಮಚದ ಓಟ ಲೆಕ್ಕಕ್ಕಿಲ್ಲ. (ಸಭೆಯಲ್ಲಿ ನಗು.)

ಅಂಕಿಗಳನ್ನು ನಂಬುವಾಗ ಮೋಸದ ಕಡೆಗೂ ಒಂದು ಕಣ್ಣಿರಬೇಕು. ನಮ್ಮ ದೇಶದ ಶಾಲಾ ಪಂದ್ಯಗಳಲ್ಲಿ ವಯಸ್ಸು ಕಡಿಮೆ ಬರೆಸುವುದು ಹಳೆಯ ರೋಗ. ಹತ್ತೊಂಬತ್ತರ ಹುಡುಗ ಹದಿನೇಳರವನಾಗಿ ಓಡಿದರೆ ಹದಿನೇಳರವರ ಮಟ್ಟ ಏರಿದಂತೆ ಕಾಣುತ್ತದೆ, ನಿಜವಾದ ಹದಿನೇಳರ ಮಗು ಮನೆಗೆ ಹೋಗುತ್ತದೆ. ಇದಕ್ಕೆಂದೇ ಕೈಯ ಎಲುಬಿನ ಚಿತ್ರ ತೆಗೆದು ವಯಸ್ಸು ನೋಡುವ ಪದ್ಧತಿ ಬಂತು. ಔಷಧದ ಮೋಸ ಇನ್ನೂ ಕೆಟ್ಟದ್ದು. 2023ರಲ್ಲಿ ದೆಹಲಿಯ ಒಂದು ಕೂಟಕ್ಕೆ ಔಷಧ ಪರೀಕ್ಷೆಯವರು ಬಂದರೆಂದು ಕೇಳಿ 100 ಮೀಟರಿನ ಅಂತಿಮ ಓಟಕ್ಕೆ ಒಬ್ಬನೇ ಓಟಗಾರ ಬಂದು ನಿಂತದ್ದನ್ನು ನಮ್ಮ ವಾಚನಾಲಯದ ಪತ್ರಿಕೆಯಲ್ಲಿಯೇ ಓದಿದ್ದೇವೆ.

ಇದೆಲ್ಲ ಊರವರ ಮೋಸ. ಈಗ ನಮ್ಮದಕ್ಕೆ ಬರೋಣ. ನಮ್ಮದು ಮೋಸವಲ್ಲ, ಅಜ್ಞಾನ. ಅನುಭವಿಸಿದವರಿಗೆ ಎರಡೂ ಒಂದೇ.

ನಮ್ಮ ಸಂಘದ ಮಕ್ಕಳ ಪಂದ್ಯಗಳಿಗೆ ಪ್ರತಿವರ್ಷ ಬಯಲಿನಲ್ಲಿ 200 ಮೀಟರಿನ ಸುತ್ತು ಹಾಕುವವರು ನಾವು. ನಮ್ಮಲ್ಲಿ ಟೇಪು ಇರಲಿಲ್ಲ. ಒಂದು ಉದ್ದನೆಯ ನೂಲಿನ ಹಗ್ಗಕ್ಕೆ ಅಂಗಡಿಯ ಗಜಕಡ್ಡಿಯಿಂದ ಅಳೆದು 50 ಮೀಟರಿಗೆ ಗಂಟು ಹಾಕಿಟ್ಟಿದ್ದೆವು. ಆ ಹಗ್ಗ ಹಿಡಿದು ನಸುಕಿನಲ್ಲಿ ಸುಣ್ಣದ ಗೆರೆ ಎಳೆಯುವುದು, ಹುಡುಗರು ಏಳೂವರೆ ಸುತ್ತು ಓಡುವುದು, ವೇಳೆಯನ್ನು ವಹಿಯಲ್ಲಿ ಬರೆಯುವುದು. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಹುಡುಗಿಯರ 1,500 ಮೀಟರಿಗೆ ಹತ್ತು ವರ್ಷದ ಹಿಂದೆ ಬರೆದ 5 ನಿಮಿಷ 16 ಸೆಕೆಂಡು ಎಂಬುದು ನಮ್ಮ ವಹಿಯ ಹೆಮ್ಮೆಯ ಅಂಕಿ. ಓಡಿದವಳು ಈಗ ಸೊಲ್ಲಾಪುರದಲ್ಲಿ ಸಂಸಾರವಂದಿಗಳಾಗಿದ್ದಾಳೆ.

ಹೋದ ವರ್ಷ ನಮ್ಮವರೇ ಆದ ಇಂಡಿ ತಾಲ್ಲೂಕಿನ ಹಮಾಲರೊಬ್ಬರ ಮಗಳು, ಒಂಬತ್ತನೆಯ ಇಯತ್ತೆಯವಳು, ಶಾಲೆಯ ಪರವಾಗಿ ಹೊರಗಿನ 400 ಮೀಟರಿನ ಸರಿಯಾದ ಮೈದಾನದಲ್ಲಿ ಓಡಿ 5 ನಿಮಿಷ 21 ಸೆಕೆಂಡಿಗೆ ಬಂದಳು. ಮೂರನೆಯವಳು. ತಂದೆ ಆ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಮ್ಮಲ್ಲಿಗೆ ಬಂದರು. "ಸಾಹೇಬ್ರ, ಇದು ಛಲೋನೋ ಹೆಂಗ?" ಎಂದು ಕೇಳಿದರು. ನಾವು ವಹಿ ತೆರೆದು ನೋಡಿ, "ಛಲೋ ಐತಿ, ಆದ್ರ ನಮ್ಮ ಹಳೇ ಹುಡುಗಿದಕ್ಕಿಂತ ಐದು ಸೆಕೆಂಡು ಕಮ್ಮಿ ಬಿತ್ತು" ಎಂದೆವು. ಅಷ್ಟೇ ಹೇಳಿ ಬಿಡಬಾರದಿತ್ತೇ? "ಈಗಿನ ಮಕ್ಕಳಿಗೆ ಆ ಕಸುವು ಎಲ್ಲಿಂದ ಬರಬೇಕು" ಎಂದೂ ಸೇರಿಸಿದೆವು. ಕಟ್ಟೆಯ ಮೇಲಿದ್ದ ಹಿರಿಯರು ಹೌದೆಂದು ತಲೆದೂಗಿದರು. ತಂದೆ ಚೀಟಿ ಮಡಿಚಿಕೊಂಡು ಹೋದರು. ಹತ್ತನೆಯ ಇಯತ್ತೆ ಬರುತ್ತದೆ, ಸಂಜೆ ಮೈದಾನಕ್ಕೆ ಹೋಗಿ ಹೊತ್ತಾಗಿ ಬರುವುದು ಬೇಡ ಎಂದು ಮನೆಯಲ್ಲಿ ಮೊದಲೇ ಮಾತಿತ್ತಂತೆ. ಐದು ಸೆಕೆಂಡು ಅದಕ್ಕೆ ಮುದ್ರೆ ಒತ್ತಿತು. ಹುಡುಗಿ ಓಟ ಬಿಟ್ಟಳು.

ಈ ವರ್ಷ ದೀಪಾವಳಿಯ ಸೂಟಿಯಲ್ಲಿ ಗೆರೆ ಹಾಕುವಾಗ ಬಾಂಧಕಾಮ ಖಾತೆಯ ಗುಮಾಸ್ತ ಗೆಳೆಯರೊಬ್ಬರು 30 ಮೀಟರಿನ ಉಕ್ಕಿನ ಟೇಪು ತಂದರು. ಹಾಸ್ಯಕ್ಕೆಂದು ನಮ್ಮ ಹಗ್ಗದ ಗೆರೆಯನ್ನು ಅಳೆದರು. ಒಂದು ಸುತ್ತು 194 ಮೀಟರು! ನಾವು ನಂಬಲಿಲ್ಲ. ಎರಡು ಸಲ ಅಳೆಸಿದೆವು. ಹಗ್ಗವನ್ನು ಒಣಗಿಸಿ ಅಳೆದಾಗ ಗಂಟು ಸರಿಯಾಗಿಯೇ 50 ಮೀಟರಿಗೆ ಬಂತು. ಆಗ ಹೊಳೆಯಿತು. ನೂಲಿನ ಹಗ್ಗ ನೀರು ಕುಡಿದರೆ ದಪ್ಪವಾಗಿ ಉದ್ದದಲ್ಲಿ ಕುಗ್ಗುತ್ತದೆ. ಬಾವಿಯ ಹಗ್ಗ ಸೇದಿದ ನಮಗೆ ಇದು ಗೊತ್ತಿರಬೇಕಾಗಿತ್ತು. ನಸುಕಿನ ಇಬ್ಬನಿ, ಸುಣ್ಣದ ನೀರು; 50 ಮೀಟರಿಗೆ ಒಂದೂವರೆ ಮೀಟರು ನುಂಗಿತ್ತು. ಏಳೂವರೆ ಸುತ್ತಿಗೆ ನಲ್ವತ್ತೈದು ಮೀಟರು ಖೋತಾ. ನಮ್ಮ ಹೆಮ್ಮೆಯ 5 ನಿಮಿಷ 16 ಸೆಕೆಂಡಿನ ಓಟ ನಿಜಕ್ಕೂ 1,455 ಮೀಟರಿನ ಓಟ. ಅದೇ ವೇಗದಲ್ಲಿ ಪೂರ್ತಿ ಓಡಿದ್ದರೆ ಇನ್ನೂ ಹತ್ತು ಸೆಕೆಂಡು ಬೇಕಿತ್ತು, ಎಂದರೆ 5 ನಿಮಿಷ 26 ಸೆಕೆಂಡು. ಹಮಾಲರ ಮಗಳು ಐದು ಸೆಕೆಂಡು ಹಿಂದೆ ಬಿದ್ದಿರಲಿಲ್ಲ. ಐದು ಸೆಕೆಂಡು ಮುಂದಿದ್ದಳು.

ಪ್ರತಿವರ್ಷ ಹಗ್ಗ ಎಷ್ಟು ತೊಯ್ದಿತ್ತೋ ಯಾರು ಬಲ್ಲರು? ಆದ್ದರಿಂದ ವಹಿಯ ಯಾವ ಅಂಕಿಯನ್ನೂ ಈಗ ಖಚಿತವೆಂದು ಹೇಳುವಂತಿಲ್ಲ. ಸೊಲ್ಲಾಪುರದ ಮಗಳಿಗೆ ಫೋನು ಮಾಡಿ ಹೇಳಿದೆವು. ಬೇಜಾರಾದಾಳು ಎಂದು ಅಂಜಿಕೆಯಿತ್ತು. ಅವಳು ನಕ್ಕು, "ಕಾಕಾ, ನಾ ಓಡಿದ್ದಂತೂ ಖರೇನ ಅಲ್ಲ?" ಎಂದಳು.

ಅಂದು ಸಂಜೆಯೇ ಹಮಾಲರ ಮನೆಗೆ ಹೋದೆವು. ಅವರು ಆಗಷ್ಟೇ ಯಾರ್ಡಿನಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ನಡೆದದ್ದೆಲ್ಲ ಹೇಳಿ, ತಪ್ಪು ನಮ್ಮದು ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಸಾಹೇಬ್ರ, ಐದು ಸೆಕೆಂಡು ಅಂದ್ರ ಎಷ್ಟು?" ಎಂದು ಕೇಳಿದರು. ನಾವು ನಿಧಾನವಾಗಿ ಐದು ಸಲ ಚಪ್ಪಾಳೆ ಹೊಡೆದು ತೋರಿಸಿದೆವು. "ಇಷ್ಟಕ್ಕ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಒಳಗೆ ನೀರಿನ ಕೊಡ ಇಳಿಸುತ್ತಿದ್ದ ಮಗಳು ಬಾಗಿಲಿಗೆ ಬಂದು ನಿಂತು ಕೇಳಿದ್ದು ಒಂದೇ ಮಾತು: "ಕಾಕಾ, ಹಂಗಾರ ಆ ಅಕ್ಕನ ಹೆಸರು ಅಳಸ್ತೀರೇನು?"

ಅಳಿಸುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇವೆ. ಹಳೆಯ ಹೆಸರುಗಳೆಲ್ಲ ವಹಿಯಲ್ಲಿ ಇರುತ್ತವೆ. ಅವುಗಳ ಮುಂದೆ "ಹಗ್ಗದ ಅಳತೆ" ಎಂದು ಕೆಂಪು ಮಸಿಯಲ್ಲಿ ಬರೆದಿದ್ದೇವೆ. ಹೊಸ ಪುಟದ ಮೊದಲ ಸಾಲಿನಲ್ಲಿ ಅವಳ 5 ನಿಮಿಷ 21 ಸೆಕೆಂಡನ್ನು ಮೈದಾನದ ಅಳತೆಯ ಸಮೇತ ಏರಿಸಿದ್ದೇವೆ. ಅವಳು ಮತ್ತೆ ಓಡುವಳೇ ಎಂದು ನೀವು ಕೇಳಬಹುದು. ತಂದೆ "ಸುಗ್ಗಿ ಮುಗೀಲಿ, ನೋಡೂಣು" ಎಂದಿದ್ದಾರೆ. ಹತ್ತನೆಯ ಪರೀಕ್ಷೆಯೂ ಇದೆ. ಸಂಜೆ ಅವಳೊಬ್ಬಳೇ ಹೋಗಿಬರುವ ಚಿಂತೆ ನಿಜವಾದ ಚಿಂತೆ. ನಾಲ್ಕು ಮನೆಯ ಹುಡುಗಿಯರು ಜತೆಗೆ ಹೊರಟರೆ ಅದು ಅರ್ಧ ಕಡಿಮೆಯಾದೀತು. ಹೆಣ್ಣುಮಕ್ಕಳ ತಂದೆಯರು ಇಲ್ಲಿ ಆರೇಳು ಜನರಾದರೂ ಇದ್ದೀರಿ. ಭಾಷಣ ಮುಗಿದ ಮೇಲೆ ಹೋಗಿಬಿಡಬೇಡಿ, ಮಾತಾಡುವುದಿದೆ.

ಸಂಘದ ಹಣದಿಂದ 50 ಮೀಟರಿನ ಟೇಪು ಕೊಂಡು ತಂದಿದ್ದೇವೆ. ವಾಚನಾಲಯದ ಕಪಾಟಿನಲ್ಲಿ ಪತ್ರಿಕೆಗಳ ಕಟ್ಟಿನ ಪಕ್ಕದಲ್ಲಿದೆ. ಬೀಗದ ಕೈ ಗ್ರಂಥಪಾಲರ ಹತ್ತಿರ. ಬರುವ ರವಿವಾರ ಬೆಳಿಗ್ಗೆ ಆರು ಗಂಟೆಗೆ ಬಯಲಿನಲ್ಲಿ ಹೊಸದಾಗಿ ಗೂಟ ಹೊಡೆಯಬೇಕು. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು, ಬರೆದುಕೊಳ್ಳಲು ಒಬ್ಬರು. ಕಟ್ಟೆಯ ಮೇಲಿನ ಹಿರಿಯರು ಬಂದರೆ ಸಂತೋಷ. ಅವರ ಮೈಲನ್ನೂ ಅಂದೇ ಅಳೆದುಬಿಡೋಣ.